ಬಿಕ್ಕಲಂ ಇಲ್ಲದ ಕಾಗದ

ಶ್ರಾವಣ ಬಂತೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳ ಕಿವಿಯೆಲ್ಲ ತವರಿನ ದಾರಿಯ ಕಡೆಗೇ ಇರುತ್ತದೆ. ಪಂಚಮಿಗೆ ಅಣ್ಣನೋ ತಮ್ಮನೋ ಕರೆಯಲು ಬರಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಜೀಕಬೇಕು. ವಯಸ್ಸು ಐವತ್ತು ದಾಟಿದರೂ ಈ ಆಸೆ ಹೋಗುವುದಿಲ್ಲವೆಂಬುದಕ್ಕೆ ನಾನೇ ಸಾಕ್ಷಿ.

ಶಿವಬಸವ ನಗರದ ನಮ್ಮ ಓಣಿಯಲ್ಲಿ ನಾಲ್ಕಾರು ಮನೆಗಳಿಗೆ ರೊಟ್ಟಿ ಬಡಿದುಕೊಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ತವರು ಖಾನಾಪುರ ತಾಲೂಕಿನ ಒಂದು ಹಳ್ಳಿ. ನಾನು ಅವಳನ್ನು ತಂಗೀ ಎಂದೇ ಕರೆಯುತ್ತೇನೆ. 2025ರ ಪಂಚಮಿಗೆ ತವರಿಗೆ ಹೋದವಳು ಮೂರನೆಯ ದಿನವೇ ತಿರುಗಿ ಬಂದಳು. ರೊಟ್ಟಿಯ ಹಿಟ್ಟು ನಾದುವ ಮೊದಲು ಸೆರಗಿನೊಳಗಿಂದ ಮಗನ ಮೊಬೈಲು ತೆಗೆದು ನನ್ನ ಮುಂದೆ ಹಿಡಿದಳು.

"ಅಕ್ಕೋರ, ಇದನ್ನಷ್ಟು ಓದ್ರಿ. ಅಣ್ಣಾರು ಸೀರಿ ಉಡಿಸಿದ್ರು, ಅದರ ಕೂಡ ಒಂದು ಕಾಗದಾನೂ ಇಟ್ಟಾರ. ಹಕ್ಕ ಬಿಟ್ಟಿನಿ ಅಂತ ಸಹಿ ಮಾಡಬೇಕಂತ. ನನ್ನ ಮಗ ಈ ಮೊಬೈಲಿನಾಗ ಕೇಳ್ಯಾನ. ನನಗ ಏನೂ ಬರೂದುಲ್ಲಂತ ಹೇಳೇತಿ ಇದು."

ಹುಡುಗ ಪಿ.ಯು.ಸಿ. ಓದುತ್ತಾನೆ. ಕೃತಕ ಬುದ್ಧಿಮತ್ತೆಯ ಯಂತ್ರವೊಂದಕ್ಕೆ ಕನ್ನಡದಲ್ಲಿಯೇ ಪ್ರಶ್ನೆ ಹಾಕಿದ್ದ: ಅಜ್ಜ 1999ರಲ್ಲಿ ತೀರಿಕೊಂಡರು, ಹಿರಿಯರಿಂದ ಬಂದ ಗದ್ದೆ ಇದೆ, ಇಬ್ಬರು ಸೋದರಮಾವಂದಿರು, ನನ್ನ ಅವ್ವನಿಗೆ ಪಾಲು ಬರುತ್ತದೆಯೇ? ಯಂತ್ರ ಕಣ್ಣು ಪಿಳುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತ್ತು. ಮಗಳಿಗೆ ಸಮಪಾಲು ಬರಬೇಕಾದರೆ 2005ರ ಸೆಪ್ಟೆಂಬರ್ 9ರಂದು ತಂದೆ ಜೀವಂತವಾಗಿರಬೇಕು, ಹೀಗೆಂದು ಸುಪ್ರೀಂ ಕೋರ್ಟು ಹೇಳಿದೆ, ಆದ್ದರಿಂದ ನಿಮ್ಮ ತಾಯಿಗೆ ಈ ಆಸ್ತಿಯಲ್ಲಿ ಪಾಲಿಲ್ಲ ಎಂದು. ಕೆಳಗೆ ಧಾರವಾಡ ಹೈಕೋರ್ಟು ಪೀಠದ 2004ರ ತೀರ್ಪೊಂದರ ಹೆಸರೂ ಇತ್ತು. ಕೊನೆಗೆ "ಹೆಚ್ಚಿನ ಮಾಹಿತಿಗೆ ವಕೀಲರನ್ನು ಸಂಪರ್ಕಿಸಿ" ಎಂಬ ಒಂದು ಸಾಲು, ಔಷಧದ ಬಾಟಲಿಯ ಮೇಲಿನ ಸಣ್ಣ ಅಕ್ಷರದಂತೆ.

ಇಲ್ಲಿ ನನ್ನ ತಪ್ಪನ್ನು ನಾನು ಒಪ್ಪಿಕೊಳ್ಳಬೇಕು. ನಾನು ಅದನ್ನು ಓದಿದೆ, ನಂಬಿದೆ. ನಂಬಿದ್ದು ಏಕೆಂದರೆ ಅದರಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲ. ಮೂವತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನದ ಪೇಪರು ತಿದ್ದಿದ ಕೈ ಇದು. ಒಳ್ಳೆಯ ಅಕ್ಷರ, ಅಚ್ಚುಕಟ್ಟಾದ ವಾಕ್ಯ ಕಂಡರೆ ಒಳಗಿನ ತಿರುಳು ನೋಡುವ ಮೊದಲೇ ಒಂದು ಅಂಕ ಹೆಚ್ಚು ಬೀಳುತ್ತದೆ. "ಹಾಗಿದ್ದರೆ ಪಾಲಿಲ್ಲ ಕಾಣ್ತದ ತಂಗಿ" ಎಂದುಬಿಟ್ಟೆ. ಅವಳು ಒಂದು ಮಾತೂ ಆಡದೆ ಹಿಟ್ಟು ನಾದಿದಳು. ಅಂದಿನ ರೊಟ್ಟಿ ಯಾರ ಗಂಟಲಲ್ಲಿಯೂ ಇಳಿಯಲಿಲ್ಲ.

ರಾತ್ರಿ ಮಲಗಿದಾಗ ಒಂದು ಲೆಕ್ಕ ತಲೆಯಲ್ಲಿ ಕೊರೆಯಹತ್ತಿತು. ಧಾರವಾಡಕ್ಕೆ ಹೈಕೋರ್ಟು ಬಂದದ್ದು ಯಾವಾಗ? ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ ಸಂಚಾರಿ ಪೀಠ ಆರಂಭವಾದದ್ದು 2008ರ ಜುಲೈಯಲ್ಲಿ. ಅದು ಕಾಯಂ ಆದದ್ದು 2013ರ ಆಗಸ್ಟಿನಲ್ಲಿ. ಇದನ್ನು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಹಾಗಾದರೆ ಇಲ್ಲದ ಪೀಠ 2004ರಲ್ಲಿ ತೀರ್ಪು ಕೊಟ್ಟದ್ದಾದರೂ ಹೇಗೆ?

ಮರುದಿನ ಶಾಲೆ ಬಿಟ್ಟಮೇಲೆ ಅವಳನ್ನು ಕರೆದುಕೊಂಡು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಬಳಿಗೆ ಹೋದೆ. ಆಕೆ ಈಗ ಬೆಳಗಾವಿಯ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಾಳೆ. ಮೊಬೈಲಿನ ಉತ್ತರ ತೋರಿಸಹೋದರೆ ಅದನ್ನು ಬದಿಗಿಟ್ಟು, ನೇರವಾಗಿ ನಮ್ಮ ರೊಟ್ಟಿಯವಳಿಗೇ ಪ್ರಶ್ನೆ ಕೇಳಹತ್ತಿದಳು. "ನಿಮ್ಮ ಮದಿವಿ ಯಾವ ವರ್ಷ ಆತ್ರಿ?" 1998. "ಅಪ್ಪ ಏನಾರ ಬರದಿಟ್ಟಾರೇನು, ಮೃತ್ಯುಪತ್ರ?" ಇಲ್ಲ. "ಉತಾರದಾಗ ಯಾರ ಹೆಸರದಾವು?" ಇಬ್ಬರು ಅಣ್ಣಂದಿರದು. "ವಾಟ್ನಿ ಆಗೇತೇನು? ಆಗಿದ್ರ ನೋಂದಣಿ ಮಾಡಿಸ್ಯಾರೇನು?" ಇಲ್ಲ, ಬರೇ ವಾರಸಾ ಹಚ್ಚಿದ್ದಾರೆ. "ಅವ್ವ ಅದಾರೇನು?" ಇಲ್ಲ. ಹೀಗೆ ಏಳೆಂಟು ಪ್ರಶ್ನೆ. ಯಂತ್ರ ಒಂದನ್ನೂ ಕೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅದು ಹೇಳುವುದನ್ನಷ್ಟೇ ಮಾಡಿತ್ತು.

ಅನಂತರ ಆಕೆ ವಿವರಿಸಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಇದು ನಮ್ಮಲ್ಲಿ ಬಹಳ ಜನರಿಗೆ ಬೇಕಾದ ಸಂಗತಿ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಪಿತ್ರಾರ್ಜಿತ ಆಸ್ತಿಯ ಸಮಭಾಗಿತ್ವ ಗಂಡುಮಕ್ಕಳಿಗೆ ಮಾತ್ರ ಇತ್ತು. ಅಪ್ಪನ ಪಾಲಿನೊಳಗೆ ಒಂದು ಪಾಲು ಮಾತ್ರ ಹೆಣ್ಣುಮಕ್ಕಳಿಗೆ ಸಿಗುತ್ತಿತ್ತು. ಕರ್ನಾಟಕ ತನ್ನ ತಿದ್ದುಪಡಿಯಿಂದ 1994ರ ಜುಲೈ 30ರಂದು ಹೆಣ್ಣುಮಕ್ಕಳನ್ನೂ ಸಮಭಾಗಿಗಳನ್ನಾಗಿ ಮಾಡಿತು; ಆದರೆ ಆ ದಿನಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರು, ಆಗದವರು ಎಂಬ ಭೇದ ಅಳಿಸಿತು. ಆಗ ಎದ್ದ ಪ್ರಶ್ನೆಯೇ ಇದು: ಅದಕ್ಕೆ ಮೊದಲೇ ಅಪ್ಪ ತೀರಿಹೋಗಿದ್ದರೆ?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟು ಮೊದಲು ಉತ್ತರ ಕೊಟ್ಟದ್ದು ನಮ್ಮ ಬೆಳಗಾವಿಯ ಖಟ್ಲೆಯಲ್ಲಿಯೇ. 1992ರಲ್ಲಿ ಇಲ್ಲಿಯ ನ್ಯಾಯಾಲಯದಲ್ಲಿ ಮಗಳೊಬ್ಬಳು ಪಾಲು ಕೇಳಿ ಹೂಡಿದ ದಾವೆ ಮೆಟ್ಟಿಲು ಮೆಟ್ಟಿಲಾಗಿ ದಿಲ್ಲಿ ಮುಟ್ಟಿತು. 'ಪ್ರಕಾಶ್ ವಿರುದ್ಧ ಫೂಲವತಿ' ಎಂಬ ಆ ಪ್ರಕರಣದಲ್ಲಿ 2015ರ ಅಕ್ಟೋಬರ್ 16ರಂದು ತೀರ್ಪು ಬಂತು: 2005ರ ಆ ದಿನ ತಂದೆಯೂ ಮಗಳೂ ಇಬ್ಬರೂ ಬದುಕಿದ್ದರೆ ಮಾತ್ರ ಹೊಸ ಹಕ್ಕು. 2018ರಲ್ಲಿ, ಅದೂ ಕರ್ನಾಟಕದಿಂದಲೇ ಹೋದ 'ದಾನಮ್ಮ' ಪ್ರಕರಣದಲ್ಲಿ, 2001ರಲ್ಲಿ ತಂದೆ ತೀರಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡು ತೀರ್ಪು ಎರಡು ದಿಕ್ಕಿಗೆ ಮುಖ ಮಾಡಿದ್ದರಿಂದ ಮೂವರು ನ್ಯಾಯಮೂರ್ತಿಗಳ ಪೀಠ ಕುಳಿತು, 2020ರ ಆಗಸ್ಟ್ 11ರಂದು 'ವಿನೀತಾ ಶರ್ಮಾ' ಪ್ರಕರಣದಲ್ಲಿ ಗೊಂದಲ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ಹೇಳಿ 2015ರ ತೀರ್ಪನ್ನು ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ವಾಟ್ನಿಯನ್ನು ಮಾತ್ರ ತಿರುಗಿ ಕೆದಕುವಂತಿಲ್ಲ.

ಅಂದರೆ ನಮ್ಮ ರೊಟ್ಟಿಯವಳಿಗೆ ಯಂತ್ರ ಹೇಳಿದ್ದು ಐದು ವರ್ಷಗಳ ಹಿಂದೆಯೇ ಸತ್ತುಹೋದ ಕಾನೂನು. ಅದಲ್ಲದೆ, ಅವಳು 1994ರಲ್ಲಿ ಮದುವೆಯಾಗದ ಹುಡುಗಿ. ನಮ್ಮ ರಾಜ್ಯದ ಕಾಯಿದೆಯಿಂದಲೇ ಅವಳಿಗೆ ಹಕ್ಕಿತ್ತು. ಆ ಕಾಯಿದೆಯ ಹೆಸರನ್ನೇ ಯಂತ್ರ ಎತ್ತಿರಲಿಲ್ಲ. ಇವೆರಡೂ ಇಲ್ಲವೆಂದುಕೊಂಡರೂ 1956ರಿಂದ ಅಪ್ಪನ ಪಾಲಿನೊಳಗಿನ ಪಾಲು ಎಲ್ಲಿಗೆ ಹೋಗುತ್ತದೆ? "ಪಾಲಿಲ್ಲ" ಎಂಬ ಮಾತು ಯಾವ ಕಾಲದ ಲೆಕ್ಕಕ್ಕೂ ಸರಿಬರುವುದಿಲ್ಲ. ಇನ್ನು ಧಾರವಾಡದ ತೀರ್ಪು ನೋಡಿ ನನ್ನ ವಿದ್ಯಾರ್ಥಿನಿ ನಕ್ಕುಬಿಟ್ಟಳು. "ಟೀಚರ್, ಆ ಹೆಸರಿನ ಕೇಸೇ ಇಲ್ಲರಿ. ಅದಕ್ಕ ಗೊತ್ತಿಲ್ಲದಿದ್ರ ಸುಮ್ಮನಿರೂದಿಲ್ಲ, ಹುಟ್ಟಸ್ತದ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಂದ ಗಾದೆ ವಿಸ್ತರಣೆ ಮಾಡಿಸುತ್ತೇನೆ. ಆ ಸಲ ವಿಸ್ತರಣೆ ನನ್ನದೇ ಆಯಿತು.

ಬಡವರು, ಓದಿಲ್ಲದವರು ಮಾತ್ರ ಹೀಗೆ ಮೋಸ ಹೋಗುತ್ತಾರೆಂದು ತಿಳಿಯಬೇಡಿ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಮೂವತ್ತು ವರ್ಷ ವಕೀಲಿ ಮಾಡಿದ ಒಬ್ಬರು ಚಾಟ್‌ಜಿಪಿಟಿ ಎಂಬ ಯಂತ್ರವನ್ನು ನಂಬಿ, ವಿಮಾನ ಕಂಪನಿಯ ಮೇಲಿನ ದಾವೆಯೊಂದರಲ್ಲಿ ಹುಟ್ಟಿಯೇ ಇರದ ತೀರ್ಪುಗಳನ್ನು ಸಲ್ಲಿಸಿದರು. ಅವು ನಿಜವೇ ಎಂದು ಯಂತ್ರವನ್ನೇ ಕೇಳಿದ್ದರಂತೆ, ನಿಜ ಎಂದಿತು! ನಕಲು ಮಾಡಿದ ಹುಡುಗನನ್ನೇ "ನೀನು ನಕಲು ಮಾಡಿದಿಯೇನೋ?" ಎಂದು ಕೇಳಿ, ಅವನ ಉತ್ತರವನ್ನೇ ಪ್ರಮಾಣವೆಂದು ಹಿಡಿದಂತಾಯಿತು. ನ್ಯಾಯಾಧೀಶರು 5000 ಡಾಲರ್ ದಂಡ ಹಾಕಿದರು.

ನಮ್ಮ ಬೆಂಗಳೂರಿಗೂ ಈ ರೋಗ ಬರಲು ತಡವಾಗಲಿಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರಿನ ಕೊನೆಗೆ ಕೊಟ್ಟ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳು ಕಾಣಿಸಿಕೊಂಡು, ಆ ಆದೇಶವನ್ನೇ ಹಿಂದಕ್ಕೆ ಪಡೆಯಬೇಕಾಯಿತು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದ ಆದೇಶವೊಂದನ್ನು ನೋಡುವಾಗ, ಅದರಲ್ಲಿ ಆಧಾರವಾಗಿ ಹೇಳಿದ ಸುಪ್ರೀಂ ಕೋರ್ಟಿನ ತೀರ್ಪುಗಳು ಎಂದೂ ಬಂದವೇ ಅಲ್ಲವೆಂದು ಗೊತ್ತಾಯಿತು. ಅವುಗಳನ್ನು ತಾವು ಹೇಳಿಲ್ಲವೆಂದು ವಕೀಲರೂ ಕೈ ತೊಳೆದುಕೊಂಡರು. ಹೈಕೋರ್ಟು ಅದನ್ನು ಗಂಭೀರವಾಗಿ ತೆಗೆದುಕೊಂಡು ವಿಚಾರಣೆಗೆ ದಾರಿ ಮಾಡಿತು. ಅವು ಎಲ್ಲಿಂದ ಬಂದವೆಂದು ನಾನು ಹೇಳಹೋಗುವುದಿಲ್ಲ. ಸುದ್ದಿ ಓದಿದವರ ಬೊಟ್ಟು ಮಾತ್ರ ಯಂತ್ರದ ಕಡೆಗೇ ತಿರುಗಿತು.

ಇದೇಕೆ ಹೀಗೆ? ಈ ಯಂತ್ರಕ್ಕೆ ಅಪಾರ ಬರಹವನ್ನು ಉಣಿಸಿರುತ್ತಾರೆ. ಒಂದು ಮಾತಿನ ಹಿಂದೆ ಇನ್ನೊಂದು ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕ ಹಾಕಿ ಅದು ವಾಕ್ಯ ಹೆಣೆಯುತ್ತದೆ. ಕಪಾಟು ತೆರೆದು ಪುಸ್ತಕ ತೆಗೆದು ನೋಡಿ ಹೇಳುವ ಗುಮಾಸ್ತ ಅದಲ್ಲ. ಈಗೀಗ ಕೆಲವು ಯಂತ್ರಗಳು ಹುಡುಕಿ ನೋಡಿಯೂ ಹೇಳುತ್ತವೆ; ಆದರೂ ಸಿಕ್ಕದ್ದನ್ನು ತಪ್ಪಾಗಿ ಓದುವುದು, ಸಿಗದ್ದನ್ನು ತುಂಬುವುದು ನಿಂತಿಲ್ಲ. ತೀರ್ಪು ಎಂಬುದಕ್ಕೊಂದು ಆಕಾರವಿದೆ: ಒಬ್ಬರ ಹೆಸರು, 'ವಿರುದ್ಧ', ಇನ್ನೊಬ್ಬರ ಹೆಸರು, ಒಂದು ಇಸವಿ. ಆ ಆಕಾರವನ್ನು ಅದು ಬಲ್ಲದು. ಪಾಠ ಓದದೆ ಬಂದು, ಪ್ರಶ್ನೆಯ ಮಾತನ್ನೇ ತಿರುವಿ ತಿರುವಿ ಎರಡು ಪುಟ ತುಂಬಿಸುವ ಜಾಣ ಹುಡುಗನನ್ನು ಪ್ರತಿಯೊಬ್ಬ ಶಿಕ್ಷಕಿಯೂ ಕಂಡಿರುತ್ತಾಳೆ. ಆದರೆ ಆ ಹುಡುಗ ಒಳಗೊಳಗೆ ಹೆದರಿರುತ್ತಾನೆ, ಅವನ ಕೈ ಬೆವರಿರುತ್ತದೆ. ಯಂತ್ರಕ್ಕೆ ಆ ಬೆವರೂ ಇಲ್ಲ.

ಹಾಗೆಂದು ಯಂತ್ರವೇ ಬೇಡ ಎಂದು ಬೀಸುಮಾತು ಆಡುವವಳು ನಾನಲ್ಲ. ಕೋರ್ಟಿನ ಭಾಷೆ ನಮ್ಮನ್ನು ಎಷ್ಟು ದೂರ ನಿಲ್ಲಿಸಿದೆ ಎಂಬುದನ್ನು ನಾವು ಹೆಣ್ಣುಮಕ್ಕಳೇ ಬಲ್ಲೆವು. ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡ ನಡೆದರೂ ಹೈಕೋರ್ಟಿನ ಮೆಟ್ಟಿಲು ಹತ್ತಿದೊಡನೆ ಎಲ್ಲ ಇಂಗ್ಲಿಷು. ತನ್ನ ಗದ್ದೆಯ ಹಣೆಬರಹ ಬರೆದ ಕಾಗದವನ್ನು ಇನ್ನೊಬ್ಬರ ಕೈಯಲ್ಲಿ ಓದಿಸಿಕೊಳ್ಳುವ ರೈತನ ಮುಖ ನಾನು ನೋಡಿದ್ದೇನೆ. 2024ರ ಡಿಸೆಂಬರ್ 12ರಂದು ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರು ಕನ್ನಡದಲ್ಲಿ ತೀರ್ಪು ಓದಿದಾಗ ಅದು ದೊಡ್ಡ ಸುದ್ದಿಯಾಯಿತು. ರಾಜ್ಯದ ಹೈಕೋರ್ಟಿನಲ್ಲಿ ರಾಜ್ಯದ ಭಾಷೆ ಕೇಳಿದ್ದೇ ಸುದ್ದಿಯಾಗಬೇಕಾದ ಸ್ಥಿತಿ ನಮ್ಮದು!

ಹೀಗಿರುವಾಗ ಅನುವಾದದ ಯಂತ್ರ ಬಂದರೆ ನನಗೆ ಸಂತೋಷವೇ. ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ 'ಸುವಾಸ್' ಎಂಬ ಯಂತ್ರವನ್ನು ತಂದಿತು. ತೀರ್ಪುಗಳನ್ನು ಕನ್ನಡವೂ ಸೇರಿ ದೇಶಭಾಷೆಗಳಿಗೆ ತಿರುಗಿಸುವುದು ಅದರ ಕೆಲಸ. 2021ರ ಏಪ್ರಿಲಿನಲ್ಲಿ, ಕಾಗದಗಳ ರಾಶಿಯಲ್ಲಿ ಬೇಕಾದದ್ದನ್ನು ಹುಡುಕಿಕೊಡುವ 'ಸುಪೇಸ್' ಬಂತು. 2023ರ ಫೆಬ್ರುವರಿಯಲ್ಲಿ ಸಂವಿಧಾನ ಪೀಠದ ಎದುರಿನ ವಾದವನ್ನು ಯಂತ್ರವೇ ಕೇಳಿ ಬರೆದುಕೊಳ್ಳಲು ಆರಂಭಿಸಿತು. ಅದೇ ವರ್ಷ ಕೇಂದ್ರ ಸರಕಾರ ಒಪ್ಪಿದ ಇ-ಕೋರ್ಟ್ ಯೋಜನೆಯ ಮೂರನೆಯ ಹಂತಕ್ಕೆ 7210 ಕೋಟಿ ರೂಪಾಯಿ. ಅದರಲ್ಲಿ ಇಂಥ ಹೊಸ ತಂತ್ರಗಳಿಗೆಂದೇ 53.57 ಕೋಟಿ. ಇವೆಲ್ಲ ಒಳ್ಳೆಯದಕ್ಕೇ.

ಆದರೆ ಅನುವಾದಕ್ಕೂ ಒಬ್ಬರ ಕಣ್ಣು ಬೇಕು. ಕೋರ್ಟಿನಲ್ಲಿ 'ಲೀವ್ ಗ್ರಾಂಟೆಡ್' ಎಂದರೆ ಮೇಲ್ಮನವಿಗೆ ಅನುಮತಿ ಸಿಕ್ಕಿತೆಂದು ಅರ್ಥ. ನಮ್ಮ ಎಂಟನೆಯ ಇಯತ್ತೆಯ ಮಕ್ಕಳಿಗೆ ಕೊಟ್ಟರೆ 'ರಜೆ ಮಂಜೂರಾಗಿದೆ' ಎಂದು ಬರೆದಾರು, ಯಂತ್ರವೂ ಬರೆದೀತು. ಮೇಲಾಗಿ ನಮ್ಮದು ಗಡಿಯ ಊರು. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಹಳೆಯ ಮನೆತನಗಳ ಟ್ರಂಕಿನಲ್ಲಿ ಇಂದಿಗೂ ಮೋಡಿ ಲಿಪಿಯ ಕಾಗದ, ಮರಾಠಿ ಖರೀದಿಪತ್ರ, ಕನ್ನಡದ ಉತಾರ ಮೂರೂ ಒಂದೇ ಗಂಟಿನಲ್ಲಿರುತ್ತವೆ. ಖಾನಾಪುರದ ಹೆಣ್ಣುಮಗಳೊಬ್ಬಳು ಸಾಕ್ಷಿ ಹೇಳುವಾಗ ಒಂದೇ ಉಸಿರಿನಲ್ಲಿ ಕನ್ನಡ, ಮರಾಠಿ, ಕೊಂಕಣಿ ಬೆರೆಯುತ್ತವೆ. ಅವಳು 'ವಾಟ್ನಿ ಆಗಿಲ್ಲ' ಎಂದದ್ದನ್ನು ಬೆಂಗಳೂರಿನ ಪುಸ್ತಕದ ಕನ್ನಡ ಉಂಡ ಯಂತ್ರ ಹೇಗೆ ತಿಳಿದೀತು? ಅವಳ ಮುಖ ನೋಡಿ, "ಅಂದ್ರ ಪಾಲು ಹಂಚಿಲ್ಲ ಅಂತೇನವ್ವಾ?" ಎಂದು ಕೇಳುವ ಗುಮಾಸ್ತನೊಬ್ಬ ಅಲ್ಲಿರಲೇಬೇಕು.

ಇನ್ನೊಂದು ಚಿಂತೆ ನನ್ನದು, ಶಿಕ್ಷಕಿಯಾಗಿ. ಹೆಣ್ಣುಮಕ್ಕಳು ವಕೀಲರಾಗಬಹುದೆಂದು ಕಾಯಿದೆ ಈ ದೇಶದಲ್ಲಿ ಬಾಗಿಲು ತೆರೆದದ್ದು 1923ರಲ್ಲಿ. ನಮ್ಮ ಬೆಳಗಾವಿಗೆ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯ ಬಂದದ್ದು 1939ರಲ್ಲಿ. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ.ಎಸ್. ವೆಂಕಟರಾಮಯ್ಯನವರು ಅಲ್ಲಿ ಓದಿದವರು. ಅವರ ಮಗಳು ಬಿ.ವಿ. ನಾಗರತ್ನ 2021ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ಅಪ್ಪ ವಕೀಲರಲ್ಲದ ಮನೆಯ ಹುಡುಗಿ ಈ ವೃತ್ತಿಯಲ್ಲಿ ಕಾಲೂರುವುದು ಹೇಗೆ? ಹಿರಿಯರ ಕಚೇರಿಯಲ್ಲಿ ಜೂನಿಯರಾಗಿ ಕುಳಿತು, ತೀರ್ಪು ಹುಡುಕುತ್ತ, ನೋಟೀಸು ಬರೆಯುತ್ತ, ಬೈಸಿಕೊಳ್ಳುತ್ತ. ಈಗ ಯಂತ್ರ ಮೊದಲು ಕಿತ್ತುಕೊಳ್ಳುವುದು ಇದೇ ಕೆಲಸವನ್ನು. ಮೇಲಟ್ಟ ಹಾಗೆಯೇ ಇರುತ್ತದೆ, ಕೆಳಗಿನ ಎರಡು ಪಾವಟಿಗೆ ತೆಗೆದುಬಿಟ್ಟರೆ ಹೊಸಬರು ಹತ್ತುವುದು ಹೇಗೆ? ನನ್ನ ವಿದ್ಯಾರ್ಥಿನಿಗೆ ಇದನ್ನೇ ಕೇಳಿದೆ. ಆಕೆ ಪ್ರಾಮಾಣಿಕಳು. "ನಾನೂ ಉಪಯೋಗಸ್ತೀನ್ರಿ ಟೀಚರ್, ಇಂಗ್ಲಿಷ್ ತಿದ್ದಲಿಕ್ಕೆ. ಆದ್ರ ತೀರ್ಪು ಮಾತ್ರ ಕಣ್ಣಾರೆ ಓದಿದ ಹೊರತು ಹಚ್ಚೂದಿಲ್ಲ. ಹತ್ತು ವರ್ಷ ಹುಡುಕಿ ಹುಡುಕಿ ಕಲಿತೀನಂತ ಅದರ ಸುಳ್ಳು ನನಗ ಗೊತ್ತಾಗ್ತದ. ನಾಳೆ ಬರಾವ್ರಿಗೆ ಹ್ಯಾಂಗ ಗೊತ್ತಾಗಬೇಕ್ರಿ?"

ಈಗ ನನ್ನದೇ ಒಂದು ಸಂಗತಿ ಹೇಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನನ್ನ ಮದುವೆಯಾದದ್ದು 1993ರಲ್ಲಿ. ಅಪ್ಪ ತೀರಿಕೊಂಡದ್ದು 1997ರಲ್ಲಿ. 2001ರಲ್ಲಿ ತವರಿಗೆ ಕರೆಸಿಕೊಂಡು, ಊಟ ಮಾಡಿಸಿ, ಇಳಕಲ್ಲ ಸೀರೆ ಉಡಿಸಿ, ನೋಂದಣಿ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿ ಬೇವಿನ ಗಿಡದ ಕೆಳಗೆ ಕುಳಿತ ಬಿಕ್ಕಲಂದಾರ, ಅಂದರೆ ಪತ್ರ ಬರೆಯುವವನು, ಕಾಗದವನ್ನು ಗಾಡಿ ಓಡಿಸಿದಂತೆ ಓದಿ ಮುಗಿಸಿದ. ಎಲ್ಲಿ ಬೊಟ್ಟು ತೋರಿಸಿದನೋ ಅಲ್ಲಿ ಸಹಿ ಮಾಡಿದೆ. ಬಿ.ಎ., ಬಿ.ಎಡ್. ಮುಗಿಸಿ ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಮಾಡುತ್ತಿದ್ದವಳು ನಾನು! 1994ರ ಕಾಯಿದೆ ನನ್ನನ್ನು ಒಂದು ವರ್ಷದ ಅಂತರದಿಂದ ಹೊರಗಿಟ್ಟಿದ್ದರೂ ಅಪ್ಪನ ಪಾಲಿನಲ್ಲಿ ನನಗೊಂದು ಪಾಲಿತ್ತು, ಅದನ್ನು ನಾನು ಬಿಟ್ಟುಕೊಡುತ್ತಿದ್ದೇನೆ ಎಂಬುದು ಮೊನ್ನೆ ಆ ವಕೀಲರ ಕೋಣೆಯಲ್ಲಿ ಕುಳಿತಾಗಲೇ ತಿಳಿದದ್ದು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಗೆ ಅಂದು ನಾನೇ ಸಹಿ ಹಾಕಿದ್ದೆ. ಭೂಮಿ ಹೋದ ದುಃಖವಿಲ್ಲ. ಕೇಳಿದ್ದರೆ ನಾನು ಹೇಗೂ ತಮ್ಮನಿಗೇ ಬಿಡುತ್ತಿದ್ದೆ. ಕೇಳಲಿಲ್ಲವಲ್ಲ, ನಾನೂ ಕೇಳಿಕೊಳ್ಳಲಿಲ್ಲವಲ್ಲ ಎಂಬುದೇ ದುಃಖ.

ಆದ್ದರಿಂದ, ಮನುಷ್ಯರ ವ್ಯವಸ್ಥೆ ಬಂಗಾರ, ಯಂತ್ರ ಕಬ್ಬಿಣ ಎಂದು ನಾನು ಹೇಳಲಾರೆ. ಸರಿಯಾಗಿ ಓದಿ ಹೇಳದ ಪತ್ರ ಬರಹಗಾರರು, ತಾರೀಖಿನ ಮೇಲೆ ತಾರೀಖು ಹಾಕಿಸುವ ವಕೀಲರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೋರ್ಟಿಗೆ ಹೋಗಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಯಂತ್ರ ಬರುವ ಮೊದಲೇ ಹುಟ್ಟಿದ್ದು. ಜನ ಮೊಬೈಲಿಗೆ ಕೇಳಹತ್ತಿದ್ದೇಕೆ? ಅದು ಬೈಯುವುದಿಲ್ಲ, ಫೀಸು ಕೇಳುವುದಿಲ್ಲ, ಕಾಯಿಸುವುದಿಲ್ಲ. ವಕೀಲರು ಇದನ್ನೂ ಸ್ವಲ್ಪ ಯೋಚಿಸಬೇಕು.

ಆದರೆ ಒಂದು ವ್ಯತ್ಯಾಸವಿದೆ. ಆ ಹಳೆಯ ಪತ್ರದ ಕೊನೆಗೆ ನನ್ನ ಸಹಿ, ಸಾಕ್ಷಿಗಳ ಸಹಿ, ಅವುಗಳ ಕೆಳಗೆ 'ಬಿಕ್ಕಲಂ' ಎಂದು ಬರೆದು ಬರೆದವನ ಹೆಸರು, ಊರು, ಸಹಿ ಇವೆ. ಇಂಥವನ ಕಲಮಿನಿಂದ ಎಂಬುದು ಆ ಮಾತಿನ ಅರ್ಥ. ನಾಳೆ ಪತ್ರದ ಬಗ್ಗೆ ತಕರಾರು ಬಂದರೆ ಅವನನ್ನು ಕಟಕಟೆಗೆ ಕರೆಸಿ "ಓದಿ ಹೇಳಿದೆಯೇನು?" ಎಂದು ಕೇಳಬಹುದು. ವಕೀಲರದು ವಕಾಲತ್ತಿನ ಮೇಲೆ ಸಹಿ, ನ್ಯಾಯಾಧೀಶರದು ತೀರ್ಪಿನ ಮೇಲೆ. ನ್ಯಾಯ ಎಂಬ ಈ ದೊಡ್ಡ ಮನೆ ನಿಂತಿರುವುದೇ ಇಂಥ ಸಹಿಗಳ ಮೇಲೆ. ಜವಾಬು ಕೊಡಬೇಕಾದವನೇ ಜವಾಬ್ದಾರ. ಯಂತ್ರದ ಉತ್ತರಕ್ಕೆ ಬಿಕ್ಕಲಂ ಇಲ್ಲ. ಅದರ ಮಾತು ನಂಬಿ ನಮ್ಮ ರೊಟ್ಟಿಯವಳು ಸಹಿ ಹಾಕಿದ್ದರೆ ಯಾರನ್ನು ಕಟಕಟೆಗೆ ಕರೆಯಬೇಕಿತ್ತು? ಬೆಂಗಳೂರಿನ ಆದೇಶದಲ್ಲಿ ಇಲ್ಲದ ತೀರ್ಪು ಬಂದಾಗ ಕನಿಷ್ಠ ಆ ಆದೇಶಕ್ಕೆ ಸಹಿ ಮಾಡಿದವರನ್ನು ಹೈಕೋರ್ಟು ಕೇಳಬಹುದಾಗಿತ್ತು. ನಮ್ಮ ಅಡುಗೆಮನೆಯ ಮೊಬೈಲಿನಲ್ಲಿ ಬರುವ ತೀರ್ಪಿಗೆ ಕೇಳುವವರಿಲ್ಲ, ಹೇಳುವವರಿಲ್ಲ.

ಗುಟ್ಟಿನ ಮಾತೂ ಹಾಗೆಯೇ. ವಕೀಲರಿಗೆ ನಾವು ಹೇಳಿದ ಮನೆಯ ಸಂಗತಿಯನ್ನು ನಮ್ಮ ಒಪ್ಪಿಗೆಯಿಲ್ಲದೆ ಅವರು ಹೊರಗೆ ಹೇಳುವಂತಿಲ್ಲ. ಹಳೆಯ ಸಾಕ್ಷ್ಯ ಕಾಯಿದೆಯಲ್ಲಿಯೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಗಂಡನ ಹೊಡೆತ, ಮಾವನ ಸಾಲ, ಮಗಳ ವಿಚ್ಛೇದನ ಇವನ್ನೆಲ್ಲ ಮೊಬೈಲಿನಲ್ಲಿ ಬೆರಳೊತ್ತಿ ಬರೆಯುವ ತಂಗಿಯರು, ಆ ಅಕ್ಷರಗಳು ಯಾರ ಮನೆಯ ಉಗ್ರಾಣಕ್ಕೆ ಹೋಗಿ ಬೀಳುತ್ತವೆ ಎಂದು ಒಂದು ಕ್ಷಣ ನಿಂತು ಯೋಚಿಸಲಿ.

ಕೇರಳದ ಹೈಕೋರ್ಟು 2025ರ ಜುಲೈಯಲ್ಲಿ ತನ್ನ ಕೆಳಗಿನ ನ್ಯಾಯಾಲಯಗಳಿಗೆ ಒಂದು ನೀತಿ ಹಾಕಿಕೊಟ್ಟಿತು. ನಿರ್ಣಯಕ್ಕೆ ಬರಲು, ಆದೇಶ ಮಾಡಲು, ತೀರ್ಪು ಕೊಡಲು ಈ ಯಂತ್ರಗಳನ್ನು ಬಳಸಕೂಡದು. ಅನುವಾದಕ್ಕೆ ಬಳಸಿದರೆ ಮನುಷ್ಯರು ನೋಡಿ ಖಚಿತಪಡಿಸಬೇಕು ಎಂದು. ಇದು ನನಗೆ ಮೆಚ್ಚಿಗೆಯಾದ ದಾರಿ. ಯಂತ್ರ ನೀರು ಹೊರಲಿ, ಒಲೆ ಹೊತ್ತಿಸಲಿ. ಉಪ್ಪು ನೋಡುವ ನಾಲಿಗೆ ಮನುಷ್ಯರದೇ ಇರಲಿ. ಇದೇ ನೀತಿಯನ್ನು ನಮ್ಮ ಮನೆಗಳಲ್ಲಿಯೂ ಹಾಕಿಕೊಳ್ಳಬಹುದು. ಯಂತ್ರವನ್ನು ಕೇಳಿ, ತಪ್ಪಿಲ್ಲ. ಯಾವ ಪ್ರಶ್ನೆ ಕೇಳಬೇಕೆಂದು ತಿಳಿಯಲು ಅದು ಸಹಾಯಕ್ಕೆ ಬಂದೀತು. ಅದರ ಉತ್ತರದ ಮೇಲೆ ಮಾತ್ರ ಎಲ್ಲಿಯೂ ಸಹಿ ಹಾಕಬೇಡಿ.

ವಕೀಲರ ಫೀಸಿಗೆ ಹೆದರಿದವರಿಗೆ ಇನ್ನೊಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲೆಗೊಂದು ಪ್ರಾಧಿಕಾರ, ತಾಲೂಕಿಗೊಂದು ಸಮಿತಿ ಇದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ಅಲ್ಲಿ ಉತ್ತರ ಕೊಡುವವರಿಗೆ ಒಂದು ಹೆಸರಿರುತ್ತದೆ.

ಅಂದು ವಕೀಲರ ಕೋಣೆಯಿಂದ ಏಳುವ ಮೊದಲು ನನ್ನ ವಿದ್ಯಾರ್ಥಿನಿ ಕೊನೆಯ ಪ್ರಶ್ನೆ ಕೇಳಿದಳು. "ನಿಮಗೇನು ಬೇಕ್ರಿ ಅಕ್ಕಾ? ಪಾಲು ಬೇಕೋ, ತವರು ಬೇಕೋ? ಬಿಡೂದಿದ್ರ ಬಿಡ್ರಿ, ಅದೂ ನಿಮ್ಮ ಹಕ್ಕ. ಆದ್ರ ಗೊತ್ತಿದ್ದು ಬಿಡೂದು ಬ್ಯಾರೆ, ಗೊತ್ತಿಲ್ಲದ ಬಿಡೂದು ಬ್ಯಾರೆ." ಅವಳು ಬಹಳ ಹೊತ್ತು ಸುಮ್ಮನಿದ್ದಳು. ದಾರಿಯಲ್ಲಿಯೂ ಮಾತಾಡಲಿಲ್ಲ.

ಮಹಾನವಮಿಯ ಹೊತ್ತಿಗೆ ಒಂದು ದಿನ ತಾನೇ ಹೇಳಿದಳು. ಅಣ್ಣಂದಿರ ಮುಂದೆ ಕುಳಿತು, ಕಾನೂನು ಹೀಗೆ ಹೀಗೆ ಇದೆ, ನನಗೂ ಪಾಲು ಬರುತ್ತದೆ ಎಂದು ಜಗಳವಿಲ್ಲದೆ ತಿಳಿಸಿದಳಂತೆ. ಹಿರಿಯಣ್ಣ ಸಿಟ್ಟಾದನಂತೆ, ಕಿರಿಯಣ್ಣ ತಲೆ ತಗ್ಗಿಸಿದನಂತೆ. ಮಗನ ಓದು ಮುಗಿಯುವವರೆಗೆ ವರ್ಷಕ್ಕಿಷ್ಟು ಅಕ್ಕಿ, ಇಷ್ಟು ರೊಕ್ಕ ಕೊಡುವ ಮಾತಾಗಿದೆ. ಕಾಗದಕ್ಕೆ ಅವಳು ಇನ್ನೂ ಸಹಿ ಹಾಕಿಲ್ಲ.

"ಹಾಕ್ತೀಯೇನು ಮುಂದ?" ಎಂದು ಕೇಳಿದೆ.

"ನೋಡೂನ್ರಿ ಅಕ್ಕೋರ. ಮಗಾ ಓದಿ ಮುಗಿಸ್ಲಿ. ಆಮ್ಯಾಲ ನಾ ಓದಿಸಿ ಕೇಳಿ, ತಿಳಕೊಂಡು, ಹಾಕೂದಿದ್ರ ಹಾಕ್ತೀನಿ" ಎಂದು ಅವಳು ಹೆಂಚಿನ ಮೇಲೆ ರೊಟ್ಟಿ ಹಾಕಿದಳು.